ದೇವರ ಜಗಲಿಯ ಮೂರು ಫ್ಲಾಪಿ

ನಿಪ್ಪಾಣಿ
8 ಜನವರಿ 2024

ಮಾನ್ಯ ಶಿವಗಂಗವ್ವನವರಿಗೆ ನಮಸ್ಕಾರ.

ನಿಮಗೆ ನನ್ನ ಪರಿಚಯವಿಲ್ಲ. ಹೆಸರು ಜ್ಞಾನದೇವ. ವಿದ್ಯುತ್ ಇಲಾಖೆಯಲ್ಲಿ ಮೀಟರ್ ದುರಸ್ತಿ ಮಾಡಿ ನಿವೃತ್ತನಾದವನು. ಈಗ ಮಾಳಿಗೆಯ ಕೋಣೆಯಲ್ಲಿ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಇಟ್ಟುಕೊಳ್ಳುತ್ತೇನೆ. ಮಾರುವುದಿಲ್ಲ, ಕೊಳ್ಳುವವರೂ ಇಲ್ಲ.

ದೀಪಾವಳಿಯ ಹೊತ್ತಿಗೆ ಇಲ್ಲಿಯ ಗುಜರಿ ಅಂಗಡಿಯಲ್ಲಿ ಗೇಣುದ್ದದ ಹಸಿರು ಕಾರ್ಡೊಂದು ಸಿಕ್ಕಿತು. ಮೇಲೆ ಅಂಟಿಸಿದ ಚೀಟಿಯಲ್ಲಿ 'ಸಿದ್ದಲಿಂಗ ಪ್ರಿಂಟರ್ಸ್, ಅಥಣಿ' ಎಂದಿತ್ತು. ವಿಚಾರಿಸಿದಾಗ ಅದು ನಿಮ್ಮ ಯಜಮಾನರ ಅಂಗಡಿ, ಅವರು ತೀರಿಹೋಗಿದ್ದಾರೆ, ನೀವು ಐನಾಪುರದಲ್ಲಿದ್ದೀರಿ ಎಂದು ತಿಳಿಯಿತು.

ಮೂವತ್ತು ವರ್ಷದ ಹಿಂದೆ ಕಂಪ್ಯೂಟರಿಗೆ ನಮ್ಮ ಭಾಷೆ ಬರುತ್ತಿರಲಿಲ್ಲ. ಹೊಟ್ಟೆಯೊಳಗೆ ಇಂಥದೊಂದು ಕಾರ್ಡು ಸಿಕ್ಕಿಸಿದರೆ ಮಾತ್ರ ಕನ್ನಡವೂ ಮರಾಠಿಯೂ ಮೂಡುತ್ತಿದ್ದವು. ಈ ಕಾರ್ಡನ್ನು ಕೊಲ್ಲಾಪುರದ ಒಬ್ಬ ಇಂಜಿನಿಯರು ಕೈಯಾರೆ ಬೆಸುಗೆ ಹಾಕಿ ಬೆರಳೆಣಿಕೆಯಷ್ಟು ಮಾಡಿದ್ದರು. ಅವರೂ ಈಗಿಲ್ಲ. ನನಗೆ ತಿಳಿದ ಮಟ್ಟಿಗೆ ಉಳಿದಿರುವುದು ಇದೊಂದೇ.

ಆದರೆ ಕಾರ್ಡು ಮೂಕ. ಅಕ್ಷರಗಳ ಆಕಾರ ಅದರೊಳಗಿಲ್ಲ, ಅದರ ಜೊತೆ ಬರುವ ಮೂರು ಫ್ಲಾಪಿಯಲ್ಲಿರುತ್ತದೆ: ಯಂತ್ರವನ್ನು ಎಬ್ಬಿಸುವುದು ಒಂದು, ಕನ್ನಡದ್ದೊಂದು, ಮರಾಠಿಯದೊಂದು. ಫ್ಲಾಪಿ ಎಂದರೆ ಅಂಗೈಗಿಂತ ಅಗಲವಾದ ತೆಳ್ಳನೆಯ ಕರಿ ಚೌಕ. ನಡುವೆ ದುಂಡು ತೂತು, ಕೆಳಗೆ ಉದ್ದನೆಯ ಕಿಟಕಿ, ಕಿಟಕಿಯಲ್ಲಿ ಕಾಣುವ ಕಂದು ಹಾಳೆ. ಅಂಥವು ನಿಮ್ಮ ಮನೆಯಲ್ಲಿ ಎಲ್ಲಾದರೂ ಉಳಿದಿವೆಯೇ? ಇದ್ದರೆ ದಯವಿಟ್ಟು ಬಗ್ಗಿಸಬೇಡಿ, ಕಿಟಕಿಯನ್ನು ಮುಟ್ಟಬೇಡಿ. ನನಗೆ ಫ್ಲಾಪಿಯೂ ಬೇಡ. ಒಮ್ಮೆ ನಕಲು ಮಾಡಿಕೊಂಡು ಹಾಗೆಯೇ ಹಿಂದಿರುಗಿಸುತ್ತೇನೆ.

ನನ್ನ ಫೋನ್ ನಂಬರು ಕೆಳಗೆ ಬರೆದಿದ್ದೇನೆ.

ಇತಿ,
ಜ್ಞಾನದೇವ


ಐನಾಪುರ
19 ಜನವರಿ 2024

ಜ್ಞಾನದೇವ ಅಣ್ಣಾವರಿಗೆ ಶಿವಗಂಗವ್ವನ ಶರಣು.

ಫೋನು ಮಾಡಲಾರೆ. ಈ ಮನೆಯಲ್ಲಿ ನಾನು ಫೋನು ಹಿಡಿದರೆ ಅಂಗಳದ ಆ ಕಡೆಯ ಗೋಡೆಗೂ ಕಿವಿ ಬರುತ್ತದೆ. ಆ ಕಡೆ ನನ್ನ ಮೈದುನ ಬಾಳೇಶ, ಅವನ ಹೆಂಡತಿ ತಾರವ್ವ ಇರುತ್ತಾರೆ. ಈ ಕಡೆ ನಾನು, ನನ್ನ ಮಗ ಬಾಬಾಸಾಹೇಬ. ನಿಮ್ಮ ಪತ್ರವನ್ನೂ ಟಪಾಲು ತರುವ ಭೀಮಸಿ ಬಾಳೇಶನ ಕೈಗೇ ಕೊಟ್ಟ. ಅವನು ಒಡೆದು, ಓದಿ, ಆಮೇಲೆ ನನ್ನ ಮುಂದೆ ಒಗೆದ. "ವೈನಿ, ಯಾವನೋ ನಿಪ್ಪಾಣಿ ಶ್ಯಾಣ್ಯಾ ನಿಮ್ಮ ಕರಿ ಚೌಕ ಕೇಳಾಕತ್ತಾನ. ಎಷ್ಟಕ್ಕ ಕೊಡತೀರಿ?" ಅಂದ. ಇನ್ನು ಮುಂದೆ ಪತ್ರವನ್ನು ಬಸವಣ್ಣನ ಗುಡಿಯ ಪೂಜಾರಿಯ ವಿಳಾಸಕ್ಕೆ ಹಾಕಿರಿ.

ನಾನು ಏಳನೇ ಇಯತ್ತೆ ಕಲಿತವಳು. ಕಾರ್ಡು ನನಗೆ ತಿಳಿಯದು. ಯಜಮಾನರು ಹೋದ ಮೇಲೆ ಅಂಗಡಿಯ ಸಾಮಾನನ್ನೆಲ್ಲ ಬಾಳೇಶ ಗುಜರಿಗೆ ಹಾಕಿದ. ನಿಮಗೆ ಸಿಕ್ಕಿದ್ದು ಅದೇ ಇರಬೇಕು. ಆದರೆ ಫ್ಲಾಪಿ ಇವೆ. ಯಜಮಾನರು ಅವನ್ನು ತಾವೇ ತಂದು ದೇವರ ಜಗಲಿಯ ಮೇಲೆ ಇಟ್ಟಿದ್ದರು. "ಇವು ಇಲ್ಲೇ ಇರಲಿ" ಅಂದಿದ್ದರು, ಇಟ್ಟಿದ್ದೇನೆ.

ಪ್ರತಿ ದಸರೆಯ ಖಂಡೇಪೂಜೆಗೆ ಕುಡಗೋಲು, ಗುದ್ದಲಿ, ಬಾಬಾಸಾಹೇಬನ ಮೋಟಾರಸೈಕಲ್ಲಿನ ಜೊತೆ ಅವಕ್ಕೂ ಪೂಜೆ ಆಗುತ್ತದೆ. ನೀವು ಹೇಳುವ ಆ ಉದ್ದನೆಯ ಕಿಟಕಿ ನನಗೆ ಹಣೆಯ ಹಾಗೆ ಕಾಣುತ್ತದೆ. ವಿಭೂತಿಯನ್ನು ಅಲ್ಲಿಯೇ ಹಚ್ಚುತ್ತ ಬಂದಿದ್ದೇನೆ, ಮೂರು ಬೆರಳಿನಿಂದ. ಮುಟ್ಟಬಾರದೆಂದು ಯಾರೂ ಹೇಳಿರಲಿಲ್ಲ.

ಕೊಡುವ ಮಾತು ಆಮೇಲೆ. ನೀವು ಯಾರು, ಯಾರ ಪೈಕಿ, ಯಾತಕ್ಕೆ ಬೇಕು? ದೇವರ ಜಗಲಿಯ ಮೇಲಿನ ವಸ್ತುವನ್ನು ಗುರುತಿಲ್ಲದವರಿಗೆ ಕೊಡಲು ಆಗುವುದಿಲ್ಲ.

ಶಿವಗಂಗವ್ವ


ನಿಪ್ಪಾಣಿ
25 ಜನವರಿ 2024

ಶಿವಗಂಗವ್ವನವರಿಗೆ,

ಇವೆ ಎಂದು ಓದಿ ಕುರ್ಚಿಯಿಂದ ಎದ್ದುಬಿಟ್ಟೆ. ವಿಭೂತಿಯ ಸಾಲು ಓದಿ ಮತ್ತೆ ಕುಳಿತೆ.

ಬೇಸರಪಡಬೇಡಿ. ಬೂದಿ ಹಾಳೆಗೆ ಅಂಟಿಕೊಂಡಿದೆ ಅಷ್ಟೆ. ಅದನ್ನು ಒರೆಸಬೇಡಿ, ಊದಬೇಡಿ. ಹಾಗೆಯೇ ಯಂತ್ರಕ್ಕೆ ಹಾಕಿದರೆ ಮಾತ್ರ ಹಾಳೆ ಗೀರಿಹೋಗುತ್ತದೆ. ಅದನ್ನು ತೊಳೆಯುವ ರೀತಿ ನನಗೆ ಗೊತ್ತು.

ಯಾರ ಪೈಕಿ ಎಂದು ಕೇಳಿದ್ದೀರಿ. ಒಬ್ಬ ನಿವೃತ್ತ ನೌಕರ. ಮನೆಯಲ್ಲಿ ನಾನು, ನನ್ನ ತಂಗಿ ಇಬ್ಬರೇ. ಯಾತಕ್ಕೆ ಎಂದರೆ, ಹಾಳಾಗಬಾರದೆಂದು. ಸದ್ಯಕ್ಕೆ ಇಷ್ಟು ಸಾಕೆಂದು ತಿಳಿಯಿರಿ.

ಒಂದು ಸ್ಟೀಲಿನ ಪೆಟ್ಟಿಗೆಯನ್ನು ರಿಜಿಸ್ಟರ್ ಪಾರ್ಸಲ್ ಮಾಡಿ ಕಳಿಸುತ್ತಿದ್ದೇನೆ. ಪಾರ್ಸಲ್ಲನ್ನು ಗುಡಿಯ ವಿಳಾಸಕ್ಕೆ ತೆಗೆದುಕೊಳ್ಳುವುದಿಲ್ಲ ಎಂದರು, ನಿಮ್ಮ ಹೆಸರಿಗೇ ಬರುತ್ತದೆ. ಒಳಗೆ ಸ್ಪಂಜು ಹಾಸಿದೆ, ಮೂರು ಬೆಳ್ಳಿ ಬಣ್ಣದ ಚೀಲಗಳಿವೆ, ಒಂದು ಜೊತೆ ಕೈಗವಸು ಇದೆ, ಸಣ್ಣ ಬೀಗವಿದೆ. ಕೈಗವಸು ಹಾಕಿಕೊಂಡು ಒಂದೊಂದನ್ನೇ ಚೀಲದಲ್ಲಿಡಿ, ಬೀಗ ಹಾಕಿ. ನೀವು ಹೂಂ ಅಂದ ದಿನ ನಾನೇ ಕಾರು ಮಾಡಿಕೊಂಡು ಬರುತ್ತೇನೆ. ಬಸ್ಸಿನ ಕುಲುಕಾಟ ಬೇಡ.

ಜ್ಞಾನದೇವ


ಮಿರಜ
17 ಫೆಬ್ರವರಿ 2024

ಜ್ಞಾನದೇವ ಅವರಿಗೆ,

ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಈ ಸಲ ಶರಣು ಅನ್ನಲು ಮನಸ್ಸಿಲ್ಲ.

ನಿಮ್ಮ ಪೆಟ್ಟಿಗೆ ಬಂತು. ಭೀಮಸಿ ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಪೇಟೆಯ ನಟ್ಟನಡುವೆ ತಂದ. ಸಹಿ ಮಾಡಿಸಿಕೊಂಡ, ನನ್ನ ಆಧಾರ್ ಕಾರ್ಡು ನೋಡಿದ. ನಾನು ಅಂಗಳದಲ್ಲಿಯೇ ತೆರೆದೆ, ಅದು ನನ್ನ ತಪ್ಪು. ಬೆಳ್ಳಿ ಚೀಲ ಬಿಸಿಲಿಗೆ ಹೊಳೆಯಿತು. ಸ್ಪಂಜು, ಕೈಗವಸು, ಬೀಗ. ಅಡವಿ ಬಾವಿಯಿಂದ ನೀರು ಹೊತ್ತು ಬರುತ್ತಿದ್ದ ಸಾವಕ್ಕ ಕೊಡ ಇಳಿಸಿ ನಿಂತಳು. "ನಮ್ಮ ಸೊಸಿ ಬಂಗಾರದ ಸರಾ ತಂದಾಗನೂ ಇಷ್ಟ ಬಂದೋಬಸ್ತ್ ಇರಲಿಲ್ಲ ಬಿಡವಾ" ಅಂದಳು. ಸಂಜೆಯ ಹೊತ್ತಿಗೆ ಶಿರಗುಪ್ಪಿಯವರೆಗೆ ಸುದ್ದಿ.

ಬಾಳೇಶ ಎಂಥವನೆಂದು ನಿಮಗೆ ತಿಳಿಯದು. ಹಳೇ ಟೀವಿಯೊಳಗೆ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಕೋಟಿ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ನಮ್ಮ ಟೀವಿಯನ್ನು ಹಾರೆಯಿಂದ ಒಡೆದವನು ಅವನು. ಏನೂ ಸಿಗಲಿಲ್ಲ, ಕಾಲಿಗೆ ಗಾಜು ಚುಚ್ಚಿತು. ಆಮೇಲೂ ಪಾದರಸವನ್ನು ನಾನೇ ತೆಗೆದಿಟ್ಟಿದ್ದೇನೆಂದು ವರುಷಗಟ್ಟಲೆ ಹೇಳಿಕೊಂಡು ತಿರುಗಿದ.

ಮರುದಿನ ನಾನು ಲಿಂಗಪೂಜೆಗೆ ಕುಳಿತಿದ್ದೆ. ಬಾಗಿಲ ಚಿಲಕವನ್ನು ಒದ್ದು ಮುರಿದು ಬಂದ. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ. "ಕೈಗವಸ ಹಾಕ್ಕೊಂಡ ಮುಟ್ಟೋ ಸಾಮಾನ ಸುಮ್ಮನ ಇರಾಂಗಿಲ್ಲ ವೈನಿ. ಅಣ್ಣಂದ ಅಂದ್ರ ಅರ್ಧ ನಂದು" ಅಂದ. ಮೇಲಿದ್ದ ಫ್ಲಾಪಿಯನ್ನು ಎತ್ತಿ ಕೊಯ್ತಾದ ತುದಿಯಿಂದ ಮೀನಿನ ಹೊಟ್ಟೆ ಸೀಳಿದ ಹಾಗೆ ಸೀಳಿದ. ಒಳಗಿನಿಂದ ದುಂಡನೆಯ ಹಾಳೆ ಜಾರಿ ಬಿತ್ತು, ಕರಕಾದ ಹಪ್ಪಳದಂಥದು. ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಮೂಸಿದ, ನಾಲಿಗೆ ಹಚ್ಚಿದ. "ಇದರಾಗಿಲ್ಲ, ಉಳಿದದ್ದರಾಗ ಐತಿ" ಎಂದು ಮತ್ತೆ ಕೈ ಚಾಚಿದ.

ಬಾಬಾಸಾಹೇಬ ದ್ರಾಕ್ಷಿ ತೋಟದಿಂದ ಬಂದವನು ಓಡಿ ಬಂದು ಉಳಿದ ಎರಡರ ಮೇಲೆ ಎಡಗೈ ಊರಿದ. "ಕಾಕಾ, ಅಪ್ಪನ ಸಾಮಾನ ಅದು" ಅಂದ. ಬಾಳೇಶ, "ಕೈ ತಗೀಲೇ" ಅಂದ. ಇವನು ತೆಗೆಯಲಿಲ್ಲ. ಕೊಯ್ತಾ ಬಿತ್ತು.

ಕಿರುಬೆರಳು, ಅದರ ಪಕ್ಕದ್ದು. ಜಗಲಿಯ ಮೇಲೆ, ನನ್ನ ಹೂವಿನ ಬುಟ್ಟಿಯ ಪಕ್ಕ ಬಿದ್ದಿದ್ದವು. ದೀಪದ ಎಣ್ಣೆಗೆ ರಕ್ತ ಸಿಡಿದು ಚುರುಗುಟ್ಟಿತು. ಆ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಬೆರಳನ್ನು ನಿಮ್ಮ ಬೆಳ್ಳಿ ಚೀಲದಲ್ಲಿಯೇ ಹಾಕಿಕೊಂಡು ಬಂದೆ. ಕೂಡಿಸಲು ಆಗುವುದಿಲ್ಲ, ಕಡಿದ ಅಂಚು ಜಜ್ಜಿಹೋಗಿದೆ ಎಂದರು ಡಾಕ್ಟರರು. ಮನೆಯ ಮರ್ಯಾದೆ ಎಂದು ತಾರವ್ವ ಕಾಲು ಹಿಡಿದದ್ದಕ್ಕೆ, ಕಬ್ಬು ಕಡಿಯುವಾಗ ಆಯಿತೆಂದು ಬರೆಸಿದ್ದೇವೆ.

ನೀವು ಒಂದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕಳಿಸು ಅಂದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಶಿವಗಂಗವ್ವ


ನಿಪ್ಪಾಣಿ
22 ಫೆಬ್ರವರಿ 2024

ಶಿವಗಂಗವ್ವ ತಾಯಿ,

ನಿಮ್ಮ ಪತ್ರವನ್ನು ಒಂದೇ ಸಲಕ್ಕೆ ಓದಲು ನನಗೆ ಆಗಲಿಲ್ಲ. ನಡುವೆ ಎದ್ದು ಹೋಗಿ ಮುಖ ತೊಳೆದು ಬಂದು ಓದಿದೆ. ನೀವು ಹೇಳಿದ್ದು ಸರಿ. ನಮ್ಮ ಕೆಲಸದಲ್ಲಿ ವಸ್ತುವನ್ನು ಹೀಗೆಯೇ ಇಡಬೇಕೆಂದು ಕಲಿತಿದ್ದೇವೆ. ಅದನ್ನು ನೋಡುವವರ ಕಣ್ಣು ಹೇಗಿರುತ್ತದೆಂದು ನಾನು ಯೋಚಿಸಲಿಲ್ಲ.

ಬಾಬಾಸಾಹೇಬರಿಗೆ ಜ್ವರ ಬಂದಿಲ್ಲ ತಾನೆ? ಗಾಯ ಮಾಯುವವರೆಗೆ ದ್ರಾಕ್ಷಿಗೆ ಹೊಡೆಯುವ ಔಷಧದ ಹತ್ತಿರ ಹೋಗಬಾರದು. ನಾನು ಬಂದು ನೋಡಬಹುದೆ? ಪೊಲೀಸರಿಗೆ ಹೇಳಬೇಕೆಂದರೆ ಚಿಕ್ಕೋಡಿಯಲ್ಲಿ ನನಗೆ ಪರಿಚಯದ ವಕೀಲರಿದ್ದಾರೆ.

ಇದನ್ನು ಬರೆಯಬಾರದೆಂದು ಮೂರು ಸಲ ಪೆನ್ನು ಮುಚ್ಚಿಟ್ಟೆ. ಫ್ಲಾಪಿಗಳ ಮೇಲೆ 1, 2, 3 ಎಂದು ಬರೆದಿರುತ್ತದೆ. ಸೀಳಿದ್ದು ಯಾವ ನಂಬರು?

ಜ್ಞಾನದೇವ


ಐನಾಪುರ
3 ಮಾರ್ಚ್ 2024

ನನ್ನ ಮಗನ ಬೆರಳು ಹೋದವು. ನೀವು ಯಾವ ನಂಬರು ಎಂದು ಕೇಳುತ್ತೀರಿ.

ನಾನು ಎಲ್ಲ ದೇವರಿಗೂ ಕೈ ಮುಗಿಯುವವಳು, ಯಾರಿಗೂ ಶಾಪ ಹಾಕಿದವಳಲ್ಲ. ಆ ಸಾಲನ್ನು ಓದಿದಾಗ ಬಾಯಿಗೆ ಬಂದದ್ದನ್ನು ನುಂಗಿದ್ದೇನೆ. ಬಾಬಾಸಾಹೇಬ ನಗುತ್ತಾನೆ. "ಅವರಿಗೆ ಬರದ ಹಾಕವ್ವಾ, ಎಡಗೈ, ನಂಬರ ನಾಕು ಮತ್ತ ಐದು" ಅಂತಾನೆ. ನನಗೆ ನಗು ಬರುವುದಿಲ್ಲ.

ಇನ್ನು ಪತ್ರ ಹಾಕಬೇಡಿರಿ.

ಶಿವಗಂಗವ್ವ


ನಿಪ್ಪಾಣಿ
11 ಮಾರ್ಚ್ 2024

ಶಿವಗಂಗವ್ವ ವೈನಿಯವರಿಗೆ ಜೈ ಭೀಮ.

ಹಾಕಬೇಡಿ ಎಂದ ಮೇಲೂ ಹಾಕುತ್ತಿದ್ದೇನೆ. ಇದನ್ನು ಓದಿ ಸುಟ್ಟುಬಿಡಿ, ಆದರೆ ಓದಿ.

ಯಾರ ಪೈಕಿ ಎಂದು ನೀವು ಕೇಳಿದಾಗ ನಾನು ಹೇಳಲಿಲ್ಲ. ನಾನು ಸುಗಂಧಾಳ ಅಣ್ಣ. ಅಥಣಿಯ ನಿಮ್ಮ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದ ಸುಗಂಧಾ.

ಕಾರ್ಡಿನ ಜೊತೆಗೆ ಬಂದ ಮರಾಠಿ ಅಕ್ಷರ ವಕ್ರವಾಗಿದ್ದವು, ಗಿರಾಕಿಗಳು ನಗುತ್ತಿದ್ದರು. ನಿಮ್ಮ ಯಜಮಾನ ಸಿದ್ದಲಿಂಗ ದಾದಾ ಕನ್ನಡದ್ದನ್ನು, ನನ್ನ ತಂಗಿ ಮರಾಠಿಯದನ್ನು ಚೌಕಳಿ ಕಾಗದದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಸದಾಗಿ ಬರೆದರು. ಒಂದೊಂದು ಮುಗಿದ ಹಾಗೆ ಫ್ಲಾಪಿಯಲ್ಲಿ ಹಳೆಯ ಅಕ್ಷರದ ಜಾಗಕ್ಕೆ ತುಂಬಿದರು. ರಾಯಬಾಗದಿಂದ ಕಾಗವಾಡದವರೆಗೆ ಎಷ್ಟೋ ಮನೆಗಳ ಲಗ್ನಪತ್ರಿಕೆ ಅವರಿಬ್ಬರ ಅಕ್ಷರದಲ್ಲಿ ಅಚ್ಚಾಗಿವೆ. ಮೂರನೆಯ ಫ್ಲಾಪಿ ಎಂದರೆ ನನ್ನ ತಂಗಿಯ ಕೈ.

ಆ ಕೈಗೆ ಏನಾಯಿತೆಂದು ನಿಮಗೆ ಗೊತ್ತು. 'ನಮ್ಮ ಅಣ್ಣನ ಸರಿಸಮ ಕುರ್ಚಿ ಹಾಕ್ಕೊಂಡ ಕುಂದರತಾಳ' ಎಂದು ನಿಮ್ಮ ಮೈದುನ ಅವಳನ್ನು ಜಡೆ ಹಿಡಿದು ಎಳೆದ. ಅವಳು ಹೊಸ್ತಿಲು ಹಿಡಿದುಕೊಂಡಾಗ ಆ ಬಲಗೈಯ ಮೇಲೆ ಅಂಗಡಿಯ ಶಟರು ಎಳೆದ. ಒಮ್ಮೆಯಲ್ಲ. ನಾನು ಆಗ ಬಳ್ಳಾರಿಯಲ್ಲಿ ನೌಕರಿಯ ಮೇಲಿದ್ದೆ. ದೂರು ಕೊಡಲು ಹೋದರೆ ಶಟರು ತಾನೇ ಬಿದ್ದಿತೆಂದು ಬರೆದುಕೊಂಡರು. ಇಂದಿಗೂ ಆ ಕೈಯಲ್ಲಿ ಅವಳು ಚಹದ ಕಪ್ಪು ಹಿಡಿಯಲಾರಳು.

ಅದೇ ಮನೆಗೆ ಪತ್ರ ಬರೆಯುವಾಗ ನಿಜ ಹೇಳಿದರೆ ಫ್ಲಾಪಿಯನ್ನು ಒಲೆಗೆ ಹಾಕುತ್ತೀರಿ ಎಂದುಕೊಂಡೆ. ನಿಮ್ಮನ್ನೂ ಆ ಮನೆಯವರಲ್ಲಿಯೇ ಎಣಿಸಿದ್ದೆ. ನಿಮ್ಮ ಪತ್ರ ಬಂದಿದೆ ಎಂದು ಮೊನ್ನೆ ತಂಗಿಗೆ ಹೇಳಿದೆ. ಅವಳು, "ಬುತ್ತಿ ತರತಿದ್ದ ವೈನಿ ಏನು? ಸೆರಗ ಹರದ ನನ್ನ ಕೈಗೆ ಕಟ್ಟಿದಾಕಿ" ಅಂದಳು. ನನಗೆ ಇದು ಗೊತ್ತಿರಲಿಲ್ಲ.

ಇನ್ನೊಂದು ಮಾತು. ಬೂದಿ ಹಿಡಿದ ಫ್ಲಾಪಿಯನ್ನು ತೊಳೆಯುವ ರೀತಿ ಗೊತ್ತು ಎಂದಿದ್ದೆನಲ್ಲ? ಅದು ಹೀಗೆ: ಕರಿ ಹೊದಿಕೆಯನ್ನು ಕತ್ತರಿಸಿ, ಒಳಗಿನ ಹಾಳೆಯನ್ನು ಹೊರಗೆ ತೆಗೆದು, ಸೋಪಿನ ನೀರಲ್ಲಿ ತೊಳೆದು, ಆರಿಸಿ ಬೇರೆ ಹೊದಿಕೆಗೆ ಹಾಕುವುದು. ಬಾಳೇಶ ಮಾಡಿದ್ದು ನಾನೇ ಮಾಡಬೇಕಾಗಿದ್ದ ಕೆಲಸದ ಅರ್ಧ. ಹಾಳೆ ಗೀರಿರದಿದ್ದರೆ ಅದು ಸತ್ತಿಲ್ಲ.

ಅದು ಎಲ್ಲಿದೆ, ವೈನಿ?

ಜ್ಞಾನದೇವ


ಐನಾಪುರ
4 ಮೇ 2024

ಜ್ಞಾನದೇವ ಅಣ್ಣಾವರಿಗೆ ಶರಣು ಶರಣಾರ್ಥಿ.

ಈ ಪತ್ರವನ್ನು ಬಾಬಾಸಾಹೇಬನ ಕೈಯಲ್ಲಿ ಕಳಿಸಿದ್ದೇನೆ. ಜೊತೆಗೆ ಹಳೇ ಇಳಕಲ್ ಸೀರೆಯ ಗಂಟು ಇದೆ. ಒಳಗೆ ಮೂರೂ ಇವೆ. ಮೊದಲು ಅದನ್ನು ಬಿಚ್ಚಿ ನೋಡಿರಿ, ಆಮೇಲೆ ಓದಿರಿ. ನಿಮಗೂ ತಡೆಯುವುದಿಲ್ಲ, ನನಗೆ ಗೊತ್ತು.

ಸೀಳಿದ್ದು ಮೂರನೆಯದೇ. ಉಳಿದೆರಡನ್ನು ಅಂದಿನಿಂದ ಗುಡಿಯ ಪೂಜಾರಿಯ ಹತ್ತಿರ ಇಟ್ಟಿದ್ದೆ. ಮಾರ್ಚಿನಲ್ಲಿ ನೀವು ಕೇಳಿದಾಗ ಅದು ನಮ್ಮ ಮನೆಯಲ್ಲಿರಲಿಲ್ಲ. ನಮ್ಮಲ್ಲಿ ಭಿನ್ನವಾದದ್ದು ಜಗಲಿಯ ಮೇಲೆ ಇರಬಾರದು. ಒಡೆದ ದೇವರ ಫೋಟೋವನ್ನು ಕಸಕ್ಕೆ ಹಾಕುವುದೂ ಇಲ್ಲ. ಉಗಾರ ಬುದ್ರುಕದ ಕಡೆ ಕೃಷ್ಣೆಯ ದಂಡೆಗೆ ಒಂದು ಆಲದ ಮರವಿದೆ, ಅದರ ಬುಡದಲ್ಲಿ ಇಟ್ಟು ಕೈಮುಗಿದು ಬರುತ್ತೇವೆ. ಮಿರಜದಿಂದ ಬಂದ ದಿನವೇ ಆ ಹಾಳೆಯನ್ನೂ ಅಲ್ಲಿಟ್ಟು ಬಂದಿದ್ದೆ. ಹಿಂದಿರುಗಿ ತರಬಾರದೆಂಬ ನೇಮವೂ ಇದೆ. ಅದಕ್ಕೇ ನಿಮ್ಮ ಪತ್ರ ಓದಿಯೂ ಒಂದು ತಿಂಗಳು ಸುಮ್ಮನಿದ್ದೆ. ಕೊನೆಗೆ ದೇವರ ಮುಂದೆ ಕುಳಿತು ಕೇಳಿದೆ: ಕೈ ಮುರಿದ ಮಾತ್ರಕ್ಕೆ ಸುಗಂಧಾ ಭಿನ್ನಳಾದಳೇನು? ಎದ್ದು ಚಪ್ಪಲಿ ಮೆಟ್ಟಿದೆ.

ಹಾಡುಹಗಲು ಹೋದೆ. ಗಾಜು ಒಡೆದ ಲಕ್ಷ್ಮಿ, ಸೊಂಡಿಲು ಮುರಿದ ಗಣಪತಿ, ಹಳೇ ಕ್ಯಾಲೆಂಡರು, ಎಲ್ಲವನ್ನೂ ಒಂದೊಂದಾಗಿ ಸರಿಸಿದೆ. ಯಾರೋ ಆಮೇಲೆ ಇಟ್ಟ ರೇಣುಕವ್ವನ ಫೋಟೋದ ಕೆಳಗೆ ಹಾಳೆ ಸಿಕ್ಕಿತು. ಒಂದು ಕಡೆ ಗೆದ್ದಲಿನ ಮಣ್ಣು ಹಿಡಿದಿತ್ತು, ಹರಿದಿರಲಿಲ್ಲ. ಸೆರಗಿನಲ್ಲಿ ಸುತ್ತುವಾಗ ಹಿಂದೆ ಮೋಟಾರಸೈಕಲ್ಲು ನಿಂತ ಸಪ್ಪಳ.

ಬಾಳೇಶ ನನ್ನ ಬೆನ್ನು ಹತ್ತಿ ಬಂದಿದ್ದ.

"ವೈನಿ, ದೇವರ ಕಸದಾಗ ಏನ ಹುಡಕಾಕತ್ತೀರಿ?"

"ನಿನ್ನ ಪಾಪ ಹುಡಕಾಕತ್ತೀನಿ."

"ಬಲೇ ಜಾಗಾ ಹುಡಕೀರಿ ಮುಚ್ಚಿಡಾಕ. ನಾ ಹುಚ್ಚರಂಗ ಜಗಲಿ ಅಗದೆ" ಎಂದು ನಕ್ಕ. "ಸೆರಗ ಬಿಚ್ಚರಿ."

"ಹಾಳಿ ಅದು, ಬಾಳೇಶ. ನೀನ ನೆಕ್ಕಿ ನೋಡಿದ ಹಾಳಿ. ಅದರಾಗ ಆ ಹುಡುಗಿ ಸುಗಂಧಾ ಬರದ ಅಕ್ಷರ ಅದಾವ, ಮತ್ತೇನಿಲ್ಲ."

ಆ ಹೆಸರು ಕೇಳಿ ಅವನ ಮುಖ ಬದಲಾಯಿತು. "ಆ ಹೊಲತಿ ಇನ್ನೂ ಬದುಕಿ ಐತೇನ?" ಅಂದ. ಇಂಥ ಮಾತು ಬರೆಯಬಾರದು, ಆದರೆ ಅವನು ಅಂದದ್ದನ್ನು ನೀವು ತಿಳಿಯಬೇಕು. "ಅವತ್ತ ಕೈ ಬದಲಿ ಕುತ್ತಿಗಿ ಇಟ್ಟಿದ್ರ ಛಲೋ ಇತ್ತು" ಎಂದು ನನ್ನ ತುರುಬಿಗೆ ಕೈ ಹಾಕಿದ. ನಾನು ಮೊಣಕಾಲೂರಿ ಬಿದ್ದೆ, ಒಡೆದ ಗಾಜಿನ ಮೇಲೆ. ಸೊಂಟದಿಂದ ಕೊಯ್ತಾ ಎಳೆದದ್ದು ನೋಡಿದೆ. ಸೆರಗಿಗೆ ಒಂದು ಬೀಸು ಬೀಸಿದ. ಸೀರೆ ಸೀಳಿತು, ಭುಜದ ಮೇಲೆ ಬಿಸಿ ಹತ್ತಿತು.

ನನ್ನ ಕೈಗೆ ಸಿಕ್ಕಿದ್ದು ಕಿವಿ ಒಡೆದ ಒಂದು ಕಲ್ಲಿನ ಬಸವಣ್ಣ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು.

ಮೊದಲ ಏಟು ಹೆದರಿಕೆಯದು. ಅವನ ದವಡೆಗೆ ಬಿತ್ತು, ತುರುಬು ಬಿಟ್ಟ. ಎರಡನೆಯದು ಬಾಬಾಸಾಹೇಬನ ಬೆರಳಿನ ಲೆಕ್ಕದ್ದು. ಅದು ಅವನ ಕೈಗೆ ಬಿತ್ತು, ಕೊಯ್ತಾ ಹಾರಿ ದೂರ ಬಿತ್ತು, ಅವನೂ ಬಿದ್ದ. ಅಲ್ಲಿಗೆ ಸಾಕಾಗಿತ್ತು. ಅವನು ಬೇರಿನ ಮೇಲೆ ಅಂಗಾತ ಬಿದ್ದು, "ವೈನಿ, ಬ್ಯಾಡರಿ" ಅಂದ. ಹೊಡೆಯುವ ಅಗತ್ಯವಿರಲಿಲ್ಲ. ಆ ಕೈಯನ್ನು ಕಾಲಿನಿಂದ ಒತ್ತಿ ಹಿಡಿದು, ಬಸವಣ್ಣನನ್ನು ಎರಡೂ ಕೈಯಿಂದ ಎತ್ತಿ, ಮತ್ತೆ ಹೊಡೆದೆ. ಒಮ್ಮೆಯಲ್ಲ. ಹಸಿ ಕಬ್ಬು ಮುರಿದ ಹಾಗೆ ಸಪ್ಪಳ ಬಂತು. ಎಲುಬು ಚರ್ಮದ ಹೊರಗೆ ಬೆಳ್ಳಗೆ ಕಂಡಿತು. ಅದು ಯಾರ ಲೆಕ್ಕದ್ದೆಂದು ನೀವು ನಿಮ್ಮ ತಂಗಿಗೆ ಹೇಳಬೇಕಾಗಿಲ್ಲ.

ಅಲ್ಲಿಯೇ ಕುಳಿತೆ. ನದಿಯ ನೀರು ತಂದು ಅವನ ಬಾಯಿಗೆ ಹಾಕಿದೆ, ಕುಡಿದ. ಬಸವಣ್ಣನನ್ನು ತೊಳೆದು ಮೊದಲಿನ ಜಾಗದಲ್ಲಿಟ್ಟೆ. ಆಮೇಲೆ ಜನ ಬಂದರು, ಪೊಲೀಸರು ಬಂದರು.

ಕೇಸು ಇಬ್ಬರ ಮೇಲೂ ಆಗಿದೆ. ಬೆರಳಿನದನ್ನೂ ಈಗ ಇದ್ದದ್ದು ಇದ್ದ ಹಾಗೆ ಬರೆಸಿದ್ದೇನೆ. ಜಾಮೀನಿನ ಮೇಲೆ ಹೊರಗಿದ್ದೇನೆ. ಅಥಣಿಯ ವಕೀಲರು, "ಅವ ತಾನ ಎಡವಿ ಕಲ್ಲಿನ ಮ್ಯಾಲೆ ಬಿದ್ದಾನ ಅಂತ ಹೇಳಬೇಕ ನೋಡ್ರಿ ಅವ್ವಾರ" ಅಂತಾರೆ. "ಶಟರ ತಾನ ಬಿತ್ತು ಅಂತ ಒಮ್ಮೆ ಬರಕೊಂಡಾರ್ರಿ. ಕಲ್ಲೂ ತಾನ ಬಿತ್ತು ಅಂತ ನಾ ಬರಸಾಂಗಿಲ್ಲ" ಅಂದೆ. ಕೋರ್ಟು ಏನು ಕೊಡುತ್ತದೋ ಕೊಡಲಿ.

ಹಾಳೆಯ ಅಂಚಿಗೆ ಸ್ವಲ್ಪ ರಕ್ತ ಹತ್ತಿದೆ. ಭುಜದ್ದು, ನನ್ನದೇ. ತೊಳೆದರೆ ಹೋಗುತ್ತದಲ್ಲವೇ?

ಶಿವಗಂಗವ್ವ


ನಿಪ್ಪಾಣಿ
20 ಮೇ 2024

ವೈನಿಯವರಿಗೆ ಜೈ ಭೀಮ.

ಹೋಗುತ್ತದೆ. ಹೋಯಿತು.

ನಿಮ್ಮ ಮಗ ಎರಡು ದಿನ ನಮ್ಮಲ್ಲಿಯೇ ಉಳಿದ. ಸುಗಂಧಾ ಅವನಿಗೆ ಚಹ ಕೊಡಲು ಬಂದವಳು ಅವನ ಎಡಗೈಯನ್ನು ನೋಡಿದಳು, ತನ್ನ ಬಲಗೈಯನ್ನು ಅದರ ಪಕ್ಕ ಇಟ್ಟಳು. "ಇಬ್ಬರದೂ ಕೂಡಿಸಿದ್ರ ಒಂದ ಪೂರಾ ಕೈ ಆಗತೈತಿ ನೋಡ" ಅಂದಳು. ಅವನು, "ಅತ್ತಿ, ಲಗ್ನದಾಗ ಅಕ್ಕಿಕಾಳ ಹಾಕಾಕ ಸಾಕ ಬಿಡ್ರಿ" ಅಂದ. ಎಷ್ಟೋ ವರ್ಷದ ಮೇಲೆ ನಮ್ಮ ಮನೆಯಲ್ಲಿ ಅವಳು ನಕ್ಕ ಸಪ್ಪಳ ಕೇಳಿಸಿತು.

ಹಾಳೆಯನ್ನು ಸೋಪಿನ ನೀರಿನಲ್ಲಿ ತೊಳೆದೆ. ಮೊದಲು ಗೆದ್ದಲಿನ ಮಣ್ಣು ಬಿಟ್ಟಿತು, ಆಮೇಲೆ ರಕ್ತ, ಕೊನೆಗೆ ವಿಭೂತಿ. ನೀರು ಬೆಳ್ಳಗಾಯಿತು. ಬೇರೊಂದು ಹೊದಿಕೆಗೆ ಹಾಕಿದೆ. ಬಾಬಾಸಾಹೇಬನ ಕೈಯಿಂದಲೇ ಗುಂಡಿ ಒತ್ತಿಸಿದೆ. ಓದುವ ಯಂತ್ರ ಹಲ್ಲು ಕಡಿದ ಹಾಗೆ ಸಪ್ಪಳ ಮಾಡಿತು. ಒಂದೆರಡು ಕಡೆ ಮುಗ್ಗರಿಸಿತು, ನಾಲ್ಕನೆಯ ಸಲ ದಾಟಿತು. ಮೂರೂ ನಕಲಾಗಿವೆ. ಆ ನಕಲನ್ನು ಮತ್ತೆ ಬೇರೆ ಬೇರೆ ಕಡೆ ಇಟ್ಟಿದ್ದೇನೆ. ಇನ್ನು ಯಾವ ಕೊಯ್ತಾವೂ ಅದನ್ನು ಮುಟ್ಟಲಾರದು.

ಕಾರ್ಡು ಹಾಕಿ ಅಕ್ಷರ ಎಬ್ಬಿಸಿದೆ. ತಂಗಿಯನ್ನು ಕರೆದೆ. ಬರುವುದಿಲ್ಲ ಅಂದಳು. ಅಡಿಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದಳು. ಆಮೇಲೆ ಬಂದು ಬಾಗಿಲಲ್ಲಿ ನಿಂತಳು. ತೆರೆಯ ಮೇಲೆ ಮರಾಠಿಯ ವರ್ಣಮಾಲೆ ಹಸಿರಾಗಿ ನಿಂತಿತ್ತು. ಒಂದೊಂದೇ ನೋಡುತ್ತ ಹೋದಳು. ಕೊನೆಯ ಸಾಲಿಗೆ ಬಂದಾಗ ಹುಬ್ಬು ಗಂಟಿಕ್ಕಿತು.

"ನಾ ಹ ತನಕಾ ಬರದಿದ್ದೆ. ಕೈ ಹೋದ ದಿನ ಳ ಶುರು ಮಾಡಿದ್ದೆ. ಈ ಳ, ಕ್ಷ, ಜ್ಞ ನನ್ನವಲ್ಲ. ಇವಕ್ಕ ಹೊಟ್ಟಿ ಜಾಸ್ತಿ ಐತಿ, ಕನ್ನಡದವರ ಕೈ. ದಾದಾ ಬರದಾನ" ಅಂದಳು. ಆಮೇಲೆ ನನ್ನನ್ನು ನೋಡಿ, "ನಿನ್ನ ಹೆಸರಿನ ಜ್ಞನೂ ನಂದಲ್ಲ ನೋಡ ಅಣ್ಣಾ" ಅಂದಳು.

ಆ ಮೂರನ್ನು ಈಗ ಎಡಗೈಯಿಂದ ತಿದ್ದುತ್ತೀಯಾ ಎಂದು ಕೇಳಿದೆ. ವೈನಿಯನ್ನು ಕೇಳು ಅಂದಳು.

ನಿಮ್ಮ ಪತ್ರವನ್ನು ಅವಳಿಗೆ ಪೂರ್ತಿ ಓದಿ ಹೇಳಿದ್ದೇನೆ. ಹೇಳಬೇಕಾಗಿಲ್ಲ ಎಂದದ್ದನ್ನೂ ಹೇಳಿದೆ. ಅಳಲಿಲ್ಲ, ಖುಷಿಯೂ ಕಾಣಲಿಲ್ಲ. ಒಂದೇ ಮಾತು ಕೇಳಿದಳು. ನಾನು ಒಮ್ಮೆ ನಿಮ್ಮನ್ನು ಕೇಳಿ ಬೈಸಿಕೊಂಡಂಥದ್ದೇ ಮಾತು. ಬರೆಯಲು ನಾಚಿಕೆ, ಆದರೆ ಅವಳು ಬರೆ ಅಂದಿದ್ದಾಳೆ.

'ಅವನ ಯಾವ ಕೈ?' ಎಂದು ಕೇಳುತ್ತಾಳೆ.

ಜ್ಞಾನದೇವ


ಐನಾಪುರ
27 ಮೇ 2024

ಅಣ್ಣಾವರಿಗೆ, ಸುಗಂಧಾಳಿಗೆ ಶರಣು.

ತಿದ್ದಬೇಡಿರಿ. ಶಟರಿನ ಆ ವರುಷ ಮಳೆಗಾಲವಿಡೀ ಯಜಮಾನರು ಮನೆಯಲ್ಲಿ ಚೌಕಳಿ ಕಾಗದ ಹಿಡಿದು ಕುಳಿತಿದ್ದರು. "ಏನ ರಂಗೋಲಿ ಕಲಿಯಾಕತ್ತೀರೇನ್ರಿ?" ಎಂದು ನಾನು ಚೇಷ್ಟೆ ಮಾಡಿದ್ದೆ. "ಆ ಹುಡುಗಿ ಬಿಟ್ಟದ್ದ ಮುಗಸಾಕತ್ತೀನಿ, ನನ್ನ ಕೈಲೆ ಛಂದ ಬರವಲ್ದು" ಅಂದಿದ್ದರು. ಮುಗಿದ ದಿನ ಮೂರನ್ನೂ ತಂದು ಜಗಲಿಯ ಮೇಲಿಟ್ಟರು. ಅದರಲ್ಲಿ ಮುಂದೆ ಒಂದು ಪತ್ರಿಕೆಯನ್ನೂ ಅಚ್ಚು ಹಾಕಲಿಲ್ಲ. ಅದು ಹಾಗೆಯೇ ಇರಲಿ, ಹೊಟ್ಟೆ ದೊಡ್ಡದಿದ್ದರೂ.

ಇಲ್ಲಿಯ ಸುದ್ದಿ: ತಾರವ್ವ ತವರಿಗೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ. ಬಾಳೇಶನ ಕೈಗೆ ಕಬ್ಬಿಣದ ಸರಳು ಹಾಕಿದ್ದಾರೆ. ಅದು ಇನ್ನು ಮೇಲಕ್ಕೆ ಏಳುವುದಿಲ್ಲವಂತೆ. ದವಡೆಗೆ ತಂತಿ ಬಿಗಿದಿದ್ದಾರೆ, ರೊಟ್ಟಿ ತಿನ್ನಲಾರ. ದಿನಾ ಮಧ್ಯಾಹ್ನ ಅಂಗಳ ದಾಟಿ ಹೋಗಿ ಅಂಬಲಿ ಕುಡಿಸಿ ಬರುತ್ತೇನೆ. ಪುಣ್ಯಕ್ಕಲ್ಲ, ಹಸಿದವನು ಅಂಗಳದಲ್ಲಿದ್ದರೆ ನನಗೆ ಪೂಜೆಗೆ ಕೂಡಲು ಆಗುವುದಿಲ್ಲ. ಚಮಚ ಬಾಯಿಗೆ ಹಿಡಿದಾಗ ಅವನು ನನ್ನ ಮುಖವನ್ನು ನೋಡುವುದಿಲ್ಲ. ನನ್ನ ಕೈಯನ್ನೇ ನೋಡುತ್ತಿರುತ್ತಾನೆ. ನಾನೂ ಅವನದನ್ನು ನೋಡುತ್ತೇನೆ.

ಸುಗಂಧಾ, ನೀನು ಕೇಳಿದ್ದಕ್ಕೆ: ಬಲಗೈ.

ನಿನ್ನ ವೈನಿ,
ಶಿವಗಂಗವ್ವ